ಕೈ ನಮ್ಮದು, ಉತ್ತರ ಅವರದು

ಕಣ್ಣು ಕಾಣದ ವಿದ್ಯಾರ್ಥಿಗೆ ಸ್ಕ್ರೈಬ್ ಆಗಿ ಕೂರುವುದೆಂದರೆ ಅವರು ಹೇಳಿದ್ದನ್ನು ಬರೆಯುವುದು, ಅಷ್ಟೇ. ಆ ‘ಅಷ್ಟೇ’ಯಲ್ಲೇ ಕಷ್ಟವಿರುವುದು.

ಮೈಸೂರಿನ ಕಾಲೇಜೊಂದರಲ್ಲಿ ಬಿ.ಎ. ಇತಿಹಾಸ ಪರೀಕ್ಷೆ, ಹತ್ತಕ್ಕೆ ಶುರು. ಅರ್ಧ ಗಂಟೆ ಮೊದಲೇ ಹೋದರೆ ಒಬ್ಬರ ಮಾತು ಒಬ್ಬರಿಗೆ ಒಗ್ಗುತ್ತದೆ. ಪ್ಯಾರಾ ಬದಲಿಸುವಾಗ ಏನು ಹೇಳಬೇಕು, ಅಡಿಗೆರೆ ಬೇಕೇ ಎಂದೆಲ್ಲ ಆಗಲೇ ಮಾತಾಡಿಕೊಳ್ಳಬೇಕು. “ಅಕ್ಕಾ, ಹತ್ತು ಮಾರ್ಕ್ಸಿನವು ಮೊದಲು” ಎಂದ ನಂಜನಗೂಡು ಕಡೆಯ ಹುಡುಗ.

ಪ್ರಶ್ನೆಯನ್ನು ಅಂಕದ ಸಮೇತ ಎರಡು ಸಲ, ಒಂದೇ ದನಿಯಲ್ಲಿ ಓದಬೇಕು. ಒಂದು ಪದವನ್ನು ಒತ್ತಿ ಓದಿದರೂ ಸುಳಿವು ಕೊಟ್ಟಂತೆ. “1792ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ” ಎಂದ. 1792 ಒಪ್ಪಂದದ ವರ್ಷ. ಪಟ್ಟಣ ಬಿದ್ದದ್ದು 1799ರಲ್ಲಿ. ಪೆನ್ನು ಅರೆಕ್ಷಣ ನಿಂತಿತು. ನಿಲ್ಲಬಾರದಿತ್ತು, ಪೆನ್ನಿನ ಸದ್ದು ಅವರ ಕಿವಿಗೆ ಬೀಳುತ್ತಲೇ ಇರುತ್ತದೆ.

“ಯಾಕಕ್ಕಾ?”

“ಏನಿಲ್ಲ, ಹೇಳಪ್ಪ.”

1792 ಎಂದೇ ಬರೆದದ್ದಾಯಿತು.

ಒಂದು ಗಂಟೆಗೆ ಮೇಲ್ವಿಚಾರಕರು ಬಂದು ಪೇಪರ್ ಕೇಳಿದರು. ನಿಯಮದಂತೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ. ಮೂರು ಗಂಟೆಯ ಪತ್ರಿಕೆಗೆ ಎರಡರವರೆಗೂ ಕಾಲಾವಕಾಶ. ಇಂಥ ಕಡೆ ನಾವು ಬಾಯಿ ಹಾಕಬಾರದು. ಅನುಮತಿ ಪತ್ರದ ನಕಲು ಮೇಜಿನ ಮೇಲಿತ್ತು, ಹುಡುಗನೇ ತೋರಿಸಿ ಮಾತಾಡಿದ.

ಹಾಜರಾತಿ ಆಸೆಗೋ ಮೇಷ್ಟ್ರ ಬಲವಂತಕ್ಕೋ ಸ್ಕ್ರೈಬ್ ಆಗಿ ಬಂದವರು ಕೊನೆಯ ಗಂಟೆಯಲ್ಲಿ ಸಿಕ್ಕಿಬೀಳುತ್ತಾರೆ. ಉಸಿರು ಬಿಡುತ್ತಾರೆ, “ಮತ್ತೆ?” ಎನ್ನುತ್ತಾರೆ. ಅದು ಕಿವಿಗೆ ಬಿದ್ದೊಡನೆ ಅಭ್ಯರ್ಥಿ ಉತ್ತರವನ್ನೇ ಮೊಟಕು ಮಾಡುತ್ತಾನೆ. ನೆಟ್ಟಾ ವೈನ್‌ಸ್ಟೈನ್, ರಿಚರ್ಡ್ ರಯಾನ್ ಎಂಬ ಮನೋವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ತಾಳೆಯಾಗುತ್ತದೆ: ಮನಸಾರೆ ಮಾಡಿದ ನೆರವು ಮಾಡಿದವರಿಗೂ ಪಡೆದವರಿಗೂ ಹಿತ, ಒತ್ತಡಕ್ಕೆ ಮಣಿದು ಮಾಡಿದ್ದರಲ್ಲಿ ಆ ಹಿತ ಕಾಣಲಿಲ್ಲ. ಹಾಗಾಗಿ ಸ್ಕ್ರೈಬ್ ಹುಡುಕುವಾಗ “ಆಗಲ್ಲ ಅಂದ್ರೂ ಬೇಜಾರಿಲ್ಲ” ಎಂದೇ ಕೇಳುವುದು ವಾಸಿ. ಒಪ್ಪಿ ಬಂದವರಿಗೂ ನಾಲ್ಕು ಗಂಟೆ ಬರೆದರೆ ಹೆಬ್ಬೆರಳು ಮರಗಟ್ಟುತ್ತದೆ ಅನ್ನಿ. ಗಂಟೆಗೊಮ್ಮೆ ಎರಡು ನಿಮಿಷ ಬಿಡುವು ಕೇಳಿ ಕೈ ಸಡಿಲಿಸಿಕೊಳ್ಳಬೇಕು.

ಕೊನೆಯ ಹದಿನೈದು ನಿಮಿಷ ಬರೆದದ್ದನ್ನು ಓದಿ ಹೇಳಲು. 1792 ಬಂದಾಗ ದನಿ ಏರಲಿಲ್ಲ, ಇಳಿಯಲಿಲ್ಲ. “ಮುಂದೆ” ಎಂದ.

ಗೇಟಿನಾಚೆ ಟೀ ಲೋಟ ಹಿಡಿದವನು ತಟ್ಟನೆ ನಿಂತ.

“ಅಯ್ಯೋ, ತೊಂಬತ್ತೊಂಬತ್ತಲ್ವಾ? ನಿಮಗೆ ಗೊತ್ತಿತ್ತಾ ಅಕ್ಕಾ?”

“ಗೊತ್ತಿತ್ತು.”

“ಸದ್ಯ, ಹೇಳಲಿಲ್ವಲ್ಲ” ಎಂದು ನಕ್ಕ.