4 ಮಿಲಿಮೀಟರ್ ಮತ್ತು ಅಮ್ಮನ ಕಿಟಕಿ

ಅಮ್ಮನ ಬಲ ಭುಜ ಹಿಡಿದುಕೊಂಡು ಆರು ತಿಂಗಳಾಗಿತ್ತು. ಕೈ ಕಿವಿ ಮಟ್ಟಕ್ಕೂ ಏಳುತ್ತಿರಲಿಲ್ಲ. ಅವರ ಕೋಣೆಯ ಕಿಟಕಿಗೆ ರೋಲರ್ ಪರದೆ ಇತ್ತು, ಪಕ್ಕದಲ್ಲಿ ಎಳೆಯಲು ಮಣಿಸರ. ಮಂಚದ ಆಚೆಗೆ ಬಾಗಿ ಅದನ್ನು ಎಳೆಯಬೇಕು. ಅವರು ಎಳೆಯುವುದನ್ನೇ ಬಿಟ್ಟಿದ್ದರು. ಬೆಳಗ್ಗೆ ಯಾರಾದರೂ ಒಳಗೆ ಬರುವವರೆಗೆ ಕತ್ತಲಲ್ಲೇ ಕೂತಿರುತ್ತಿದ್ದರು, ಕರೆಯುತ್ತಲೂ ಇರಲಿಲ್ಲ. ನನಗೆ ಗೊತ್ತಾಗಿದ್ದು ತಡವಾಗಿ. ಗೊತ್ತಾದ ಮೇಲೆ ಸುಮ್ನೆ ಇರಲು ಆಗಲಿಲ್ಲ.

ಹಳೆಯ ಪರದೆಗೇ ಮೋಟಾರ್ ಹಾಕೋಣ ಎಂದುಕೊಂಡೆ. ಅದರ ಕೊಳವೆ ತೀರಾ ಸಣ್ಣದು, ಮೋಟಾರ್ ಒಳಗೆ ಹೋಗಲಿಲ್ಲ. ಹಾಗಾಗಿ 38 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಕೊಳವೆ, ಬೆಳಕು ತಡೆಯುವ ಬಟ್ಟೆ, ಬ್ಯಾಟರಿ ಇರುವ 25 ಮಿಲಿಮೀಟರ್ ಮೋಟಾರ್, ಎಲ್ಲವನ್ನೂ ಬಿಡಿಬಿಡಿಯಾಗಿ ತರಿಸಿದೆ.

ಇಷ್ಟು ಸಣ್ಣ ಮೋಟಾರ್ ಅಷ್ಟು ಬಟ್ಟೆಯನ್ನು ಎತ್ತುತ್ತದಾ ಎಂಬ ಅನುಮಾನ ಇತ್ತು. ಲೆಕ್ಕ ಹಾಕಿ ನೋಡಿದೆ. ಬಟ್ಟೆ, ಕೆಳಗಿನ ಪಟ್ಟಿ ಸೇರಿ ಸುಮಾರು 1 ಕಿಲೋ. ಅದು ಜೋತು ಬೀಳುವುದು ಕೊಳವೆಯ ನಡುವಿನಿಂದ 2 ಸೆಂಟಿಮೀಟರ್ ದೂರದಲ್ಲಿ. ಅಂದರೆ ಬೇಕಾಗುವ ತಿರುಗುಬಲ 0.2 ನ್ಯೂಟನ್ ಮೀಟರ್ ಮಾತ್ರ. ಮೋಟಾರಿನದು 1.1. ಐದು ಪಟ್ಟು ಜಾಸ್ತಿ! ಮೋಟಾರಿನ ಬಗ್ಗೆ ಚಿಂತೆ ಅಲ್ಲಿಗೆ ಮುಗಿಯಿತು.

ಅಳತೆಯ ಕೆಲಸ ಹಾಗಲ್ಲ. ಕಿಟಕಿಯ ಅಗಲವನ್ನು ಮೂರು ಕಡೆ ಅಳೆದೆ. ಮೇಲೆ 1182, ನಡುವೆ 1179, ಕೆಳಗೆ 1176 ಮಿಲಿಮೀಟರ್. ಕಣ್ಣಿಗೆ ನೆಟ್ಟಗೆ ಕಾಣುವ ಚೌಕಟ್ಟು ನಿಜವಾಗಿ ನೆಟ್ಟಗಿರಲಿಲ್ಲ. ಇಂಥ ಕಡೆ ಚಿಕ್ಕ ಅಳತೆಯನ್ನೇ ಹಿಡಿಯಬೇಕು, ಇಲ್ಲದಿದ್ದರೆ ಪರದೆ ಇಳಿಯುವಾಗ ಕೆಳಗೆ ಸಿಕ್ಕಿಕೊಳ್ಳುತ್ತದೆ. ಮೋಟಾರಿನ ತಲೆಗೆ, ಆಚೆ ತುದಿಯ ಪಿನ್ನಿಗೆ ಜಾಗ ಬಿಡಬೇಕಲ್ಲ, ಅದಕ್ಕೆ ಬಟ್ಟೆಯನ್ನು 1136ಕ್ಕೆ ಕತ್ತರಿಸಿದೆ. ಎರಡೂ ಪಕ್ಕದಲ್ಲಿ 2 ಸೆಂಟಿಮೀಟರ್ ಸಂದು ಉಳಿಯುತ್ತದೆ. ಚೌಕಟ್ಟಿನ ಒಳಗೆ ಕೂರಿಸುವ ಪರದೆಗೆ ಇದು ತಪ್ಪಿದ್ದಲ್ಲ. ಪೂರ್ತಿ ಕತ್ತಲೆಯೇ ಬೇಕೆನ್ನುವವರು ಚೌಕಟ್ಟಿನ ಹೊರಗೆ, ಗೋಡೆಗೆ ಹಾಕಿಸಿಕೊಳ್ಳುವುದು ಮೇಲು.

ಕೊಳವೆ ಕೊಯ್ದು, ಅಂಚನ್ನು ಉಜ್ಜಿ ನಯ ಮಾಡಿ, ಎರಡು ಬದಿ ಅಂಟುವ ಟೇಪಿನಿಂದ ಬಟ್ಟೆ ಅಂಟಿಸಿದೆ. ಚೌಕಟ್ಟಿನ ಮೇಲುಭಾಗದಲ್ಲಿ ತೂತು ಕೊರೆದು ಎರಡು ಬ್ರಾಕೆಟ್ ಬಿಗಿದೆ. ಮರವಾದ್ದರಿಂದ ಬೇಗ ಆಯಿತು. ಮಧ್ಯಾಹ್ನದ ಹೊತ್ತಿಗೆ ಪರದೆ ಮೇಲೇರಿತ್ತು. ರಿಮೋಟ್ ಒತ್ತಿದೆ, ಪರದೆ ಮೆಲ್ಲಗೆ ಇಳಿಯಿತು. ಖುಷಿಯಾಯಿತು. ಮತ್ತೆ ಮೇಲಕ್ಕೆ ಕಳಿಸಿದೆ.

ಅರ್ಧ ಏರುವಷ್ಟರಲ್ಲಿ ಬಟ್ಟೆ ಎಡಕ್ಕೆ ಸರಿಯತೊಡಗಿತು. ಸುತ್ತಿನಿಂದ ಸುತ್ತಿಗೆ ಒಂದೊಂದು ನೂಲು. ತುದಿ ಮುಟ್ಟುವ ಹೊತ್ತಿಗೆ ಎಡಗಡೆಯ ಅಂಚು ಬ್ರಾಕೆಟ್ಟಿಗೆ ಉಜ್ಜಿ ಕರ್ ಕರ್ ಎಂದಿತು. ಇಳಿಸಿ ನೋಡಿದರೆ ಅಂಚಿನಲ್ಲಿ ಬಿಳಿ ಎಳೆಗಳು ಎದ್ದಿದ್ದವು.

ಬಟ್ಟೆ ಸೊಟ್ಟಗೆ ಅಂಟಿಸಿದೆನಾ ಎಂದು ಬಿಚ್ಚಿ ಮತ್ತೆ ಅಂಟಿಸಿದೆ. ಅದೇ ಕಥೆ. ಎರಡು ಗಂಟೆ ಅದರಲ್ಲೇ ಹೋಯಿತು. ಕೊನೆಗೆ ರಸಮಟ್ಟವನ್ನು ಕೊಳವೆಯ ಮೇಲಿಟ್ಟೆ. ಗುಳ್ಳೆ ಬಲಕ್ಕೆ ಓಡಿತು. ಎಡ ತುದಿ 4 ಮಿಲಿಮೀಟರ್ ತಗ್ಗು! ನಾನು ಎರಡೂ ಬ್ರಾಕೆಟ್ಟನ್ನು ಚೌಕಟ್ಟಿನ ಮೇಲಂಚನ್ನೇ ನಂಬಿ ಹಾಕಿದ್ದೆ. ಆ ಅಂಚೇ ಓರೆಯಾಗಿತ್ತು. ಕೊಳವೆ ಓರೆಯಾದರೂ ಬಟ್ಟೆ ಮಾತ್ರ ನೇರ ಕೆಳಕ್ಕೇ ಜೋತು ಬೀಳುತ್ತದೆ. ಹಾಗಾಗಿ ಸುತ್ತುವಾಗ ಪ್ರತಿ ಸುತ್ತೂ ಹಿಂದಿನದಕ್ಕಿಂತ ಕೊಂಚ ತಗ್ಗಿನ ಕಡೆಗೇ ಕೂರುತ್ತದೆ. ಹತ್ತು ಹನ್ನೊಂದು ಸುತ್ತಿನಲ್ಲಿ ಆ ಕೊಂಚ ಕೊಂಚವೇ ಸೇರಿ ದೊಡ್ಡದಾಗುತ್ತದೆ. ಬಲಗಡೆಯ ಬ್ರಾಕೆಟ್ ಸಡಿಲಿಸಿ, ಅದರ ಮೇಲೆ 2 ಮಿಲಿಮೀಟರಿನ ಎರಡು ಪ್ಲಾಸ್ಟಿಕ್ ಬಿಲ್ಲೆ ಇಟ್ಟು ಬಿಗಿದೆ. ಗುಳ್ಳೆ ನಡುವೆ ನಿಂತಿತು. ಬಟ್ಟೆ ಅಂಚಿಗೆ ಅಂಚು ಕೂಡಿಕೊಂಡು ಸುತ್ತಿತು. ಆ ಸಮನಾದ ಅಂಚನ್ನು ಬೆರಳಿನಿಂದ ಸವರಿ ನೋಡಿದೆ.

ಆಮೇಲಿನದು ಮೋಟಾರಿಗೆ ಪಾಠ ಹೇಳುವ ಕೆಲಸ. ಎಲ್ಲಿ ನಿಲ್ಲಬೇಕೆಂದು ಅದಕ್ಕೆ ತಾನಾಗಿ ಗೊತ್ತಿರುವುದಿಲ್ಲ. ಮೇಲಿನ ಮಿತಿ, ಕೆಳಗಿನ ಮಿತಿ ಎರಡನ್ನೂ ಕಲಿಸಬೇಕು. ಅದಕ್ಕೆ ಮುಂಚೆ ಬಟನ್ ಒತ್ತಿ ಬಿಟ್ಟುಬಿಡಬೇಡಿ. ಬಟ್ಟೆ ಪೂರ್ತಿ ಬಿಚ್ಚಿಕೊಂಡು ಹಿಂದುಮುಂದಾಗಿ ಸುತ್ತಿಕೊಳ್ಳುತ್ತದೆ. ಬೆರಳು ನಿಲ್ಲಿಸುವ ಬಟನ್ ಮೇಲೇ ಇರಲಿ. ಮೋಟಾರಿನ ತಲೆಯಿಂದ ಇಳಿಬಿದ್ದ ಸಣ್ಣ ತಂತಿ ಆಂಟೆನಾ, ಅಂದಕ್ಕೆಂದು ಅದನ್ನು ಕತ್ತರಿಸಬಾರದು. ಚಾರ್ಜಿಂಗ್ ತೂತು ಕೈಗೆ ಸಿಗುವ ಕಡೆಗೆ ತಿರುಗಿರಲಿ.

ಅದೇ ಕೋಣೆಯ ಎರಡನೇ ಕಿಟಕಿಯಲ್ಲಿ ಇನ್ನೊಂದು ಪೇಚಾಯಿತು. ಹೊಸ ಮೋಟಾರಿಗೆ ರಿಮೋಟ್ ಪರಿಚಯಿಸುವಾಗ ಚಾನೆಲ್ ಬದಲಿಸಿರಲಿಲ್ಲ. ಎರಡು ಪರದೆಗಳೂ ಒಂದೇ ಬಟನ್ನಿಗೆ ಕುಣಿದವು. ಹೊಸದರ ಮಿತಿ ಕಲಿಸಲು ಹೋದರೆ ಮೊದಲನೆಯದರ ಮಿತಿ ಅಳಿಸಿಹೋಯಿತು. ಎರಡನ್ನೂ ಮೊದಲಿನಿಂದ ಶುರು ಮಾಡಿದೆ, ಒಂದಕ್ಕೆ ಕಲಿಸುವಾಗ ಇನ್ನೊಂದನ್ನು ಪೂರ್ತಿ ಆಫ್ ಮಾಡಿಟ್ಟು. ಅಷ್ಟರಲ್ಲಿ ಕತ್ತಲಾಗಿತ್ತು.

ತೆಗೆದ ಮಣಿಸರವನ್ನು ಅವತ್ತೇ ತುಂಡು ಮಾಡಿ ಎಸೆದೆ. ಇದನ್ನು ಒತ್ತಿ ಹೇಳಬೇಕು. ಕಿಟಕಿ ಪರದೆಯ ಹಗ್ಗ, ಸರದ ಕುಣಿಕೆಗೆ ಕುತ್ತಿಗೆ ಸಿಕ್ಕಿ ಪುಟ್ಟ ಮಕ್ಕಳು ಜೀವ ಕಳೆದುಕೊಂಡಿದ್ದಾರೆ. ನಮ್ಮ ಮನೆಗೆ ಅಕ್ಕನ ಮಗು ಬರುತ್ತದೆ. ಸರವನ್ನು ಗೋಡೆಗೆ ಬಿಗಿಯುವ ಕೊಕ್ಕೆ ಇಷ್ಟು ವರ್ಷ ಹಾಕಿರಲೇ ಇಲ್ಲ.

ಮರುದಿನ ಬೆಳಗ್ಗೆ ಅಡುಗೆಮನೆಯಲ್ಲಿದ್ದೆ. ಅಮ್ಮನ ಕೋಣೆಯಿಂದ ಸಣ್ಣ ಗುಂಯ್ ಶಬ್ದ ಬಂತು. 1.4 ಮೀಟರ್ ಎತ್ತರ ಏರಲು ಅದಕ್ಕೆ ಸುಮಾರು 25 ಸೆಕೆಂಡು ಬೇಕು. ಶಬ್ದ ನಿಲ್ಲುವವರೆಗೂ ಅಲ್ಲೇ ನಿಂತು ಕೇಳಿದೆ. ಆಮೇಲೆ ಎರಡನೇ ಪರದೆ ಶುರುವಾಯಿತು. ಇಣುಕಿ ನೋಡಿದರೆ ಅಮ್ಮ ದಿಂಬಿಗೆ ಒರಗಿ ಕೂತಿದ್ದರು. ರಿಮೋಟ್ ಎಡಗೈಯಲ್ಲಿತ್ತು, ಹೊದಿಕೆಯ ಒಳಗೆ. ರೇಡಿಯೋ ಅಲೆಯದ್ದು, ಕಿಟಕಿ ಕಡೆ ಹಿಡಿಯಬೇಕೆಂದೇನೂ ಇಲ್ಲ. ಬಿಸಿಲು ಮಂಚದ ಕಾಲಿನವರೆಗೆ ಬಂದಿತ್ತು.

"ಸ್ವಲ್ಪ ಇಳಿಸ್ತೀನಿ, ಕಣ್ಣಿಗೆ ಬೀಳ್ತಿದೆ" ಎಂದು ಮತ್ತೆ ಬಟನ್ ಒತ್ತಿದರು.