ಹಳೇ ಅಮೇರಿಕನ್ ಕಾರುಗಳಲ್ಲಿ ಕ್ಯಾಂಕಮಾಗಸ್ ಹೈವೇ: ಫಾಲ್ ಕಲರ್ ಡ್ರೈವ್‌ಗೆ ಹೊರಡೋರಿಗೆ

ಬಾಸ್ಟನ್ ಕಡೆಯಿಂದ ನ್ಯೂ ಹ್ಯಾಂಪ್‌ಶೈರ್‌ಗೆ ಫಾಲ್ ಕಲರ್ (ಎಲೆ ಉದುರೋ ಮುಂಚೆ ಮರಗಳು ಬಣ್ಣ ತಿರುಗೋದು) ನೋಡೋಕೆ ಹೋಗೋ ಕನ್ನಡದೋರು ತುಂಬಾ ಜನ ಇದ್ದಾರೆ, ಅವರಿಗೆಲ್ಲಾ ದಾರಿ ಗೊತ್ತು, ಅದಕ್ಕೇ ಅದನ್ನ ಮತ್ತೆ ವರ್ಣಿಸಲ್ಲ, ಕ್ಯಾಂಕಮಾಗಸ್ ಹೈವೇ ಅಂದ್ರೆ ಅಲ್ಲಿನ ಲಿಂಕನ್, ಕಾನ್ವೇ ಅನ್ನೋ ಊರುಗಳ ಮಧ್ಯೆ ಬೆಟ್ಟ ಹತ್ತಿ ಇಳಿಯೋ ರಸ್ತೆ ಅಂತಷ್ಟೇ ಹೇಳ್ತೀನಿ. ಇದು ಹಳೇ ಕಾರುಗಳ ಗುಂಪಿನ ಜೊತೆ ಹೋಗ್ಬೇಕು ಅನ್ನೋರಿಗೆ ಬರೀತಿರೋದು. ನಮ್ಮ ಪಕ್ಕದ್ಮನೆ ಹಿರಿಯರ ಹತ್ರ 1931ರ ಫೋರ್ಡ್ ಮಾಡೆಲ್ ಎ ಇದೆ, ಅವರ ಸ್ನೇಹಿತರ ಹತ್ರ 1955ರ ಶೆವ್ರೊಲೆ ಬೆಲ್ ಏರ್, 60ರ ದಶಕದ ಮಸ್ಟಾಂಗ್, ಹೀಗೆ ಒಂದೊಂದು ಕಾಲದ್ದು ಒಂದೊಂದು. ಅವರೆಲ್ಲಾ ಅಕ್ಟೋಬರ್‌ನಲ್ಲಿ ಹೊರಟಾಗ ನಮ್ಮನ್ನೂ ಕರ್ಕೊಂಡು ಹೋದ್ರು.

ಮೊದಲನೇದಾಗಿ ತಲೇಲಿ ಇಟ್ಕೊಳ್ಳಿ, ಪ್ಲಾನ್ ಮಾಡೋದು ಗುಂಪಲ್ಲಿರೋ ಅತೀ ಹಳೇ ಕಾರಿಗೆ ತಕ್ಕ ಹಾಗೆ. ಮಸ್ಟಾಂಗ್ ಇರೋರಿಗೆ 60 ಮೈಲಿ ಸ್ಪೀಡು ಏನೂ ಅಲ್ಲ, ಆದ್ರೆ ಮಾಡೆಲ್ ಎ ಇಂಜಿನ್ನು ನಾಲ್ಕು ಸಿಲಿಂಡರು, 40 ಹಾರ್ಸ್‌ಪವರು ಅಷ್ಟೇ, 45 ಮೈಲಿ ದಾಟಿದ್ರೆ ಅದಕ್ಕೂ ಸುಖ ಇಲ್ಲ ಕೂತೋರಿಗೂ ಸುಖ ಇಲ್ಲ. ಬ್ರೇಕಲ್ಲಿ ಆಯಿಲ್ ಅನ್ನೋದೇ ಇಲ್ಲ, ಪೆಡಲ್ ಒತ್ತಿದ್ರೆ ಕಬ್ಬಿಣದ ಕಂಬಿಗಳು ಎಳೆದು ನಾಲ್ಕೂ ಚಕ್ರದ ಡ್ರಮ್ ಹಿಡಿಯತ್ತೆ. ಫೋರ್ಡ್‌ನೋರು ಆಯಿಲ್ ಒತ್ತಡದಲ್ಲಿ ಕೆಲಸ ಮಾಡೋ ಹೈಡ್ರಾಲಿಕ್ ಬ್ರೇಕ್ ಕೊಟ್ಟಿದ್ದೇ 1939ರ ಮಾಡೆಲ್‌ನಿಂದ. ಇದಿಷ್ಟು ಗೊತ್ತಿದ್ರೆ ಯಾವ ದಿಕ್ಕಿನಿಂದ ಹೋಗ್ಬೇಕು, ಎಲ್ಲಿ ನಿಲ್ಬೇಕು, ಎಷ್ಟೊತ್ತಿಗೆ ಮುಗಿಸ್ಬೇಕು ಅನ್ನೋದೆಲ್ಲಾ ತಾನಾಗೇ ಗೊತ್ತಾಗತ್ತೆ.

ದಿಕ್ಕು ಅಂದ್ರೆ, ಲಿಂಕನ್‌ನಿಂದ ಕಾನ್ವೇ ಕಡೆಗೆ ಹೋಗಿ, ಉಲ್ಟಾ ಬೇಡ. ರಸ್ತೆ ಒಟ್ಟು 34 ಮೈಲಿ ಚಿಲ್ಲರೆ, ಮಧ್ಯದಲ್ಲಿರೋ ಘಾಟಿ ತುದಿ 2,855 ಅಡಿ ಎತ್ತರ. ಲಿಂಕನ್ ಕಡೆಯಿಂದ ಏರು ಕಡಿದು, ದೊಡ್ಡ ಹೇರ್‌ಪಿನ್ ತಿರುವೂ ಆ ಕಡೆನೇ ಇರೋದು, ಕಾನ್ವೇ ಕಡೆ ಮಾತ್ರ ಸ್ವಿಫ್ಟ್ ನದಿ ಪಕ್ಕದಲ್ಲೇ ಉದ್ದಕ್ಕೆ ಇಳೀತಾ ಹೋಗತ್ತೆ. ಹಳೇ ಕಾರಿಗೆ ಏರೋದು ಕಷ್ಟ ಅಲ್ಲ, ಸೆಕೆಂಡ್ ಗೇರಲ್ಲಿ ನಿಧಾನಕ್ಕೆ ಹತ್ತತ್ತೆ, ಕಷ್ಟ ಇರೋದು ಇಳಿಯೋದ್ರಲ್ಲಿ. ಆಗುಂಬೆ ಘಾಟಿ ಇಳಿಯೋ ಬಸ್ ಡ್ರೈವರ್ ಮೇಲೇನೇ ಗೇರ್ ಇಳಿಸ್ಕೊಂಡು ಹೊರಡ್ತಾರಲ್ಲ, ಇಲ್ಲೂ ಅದೇ. ಇಳಿಜಾರು ಶುರುವಾದ ಮೇಲೆ ಗೇರ್ ಇಳಿಸೋಣ ಅಂದ್ರೆ ಮಾಡೆಲ್ ಎ ಗೇರ್‌ಬಾಕ್ಸು ಒಪ್ಪಲ್ಲ, ಗೇರ್ ಹಲ್ಲುಗಳ ವೇಗ ತಾನಾಗೇ ಹೊಂದಿಸೋ ಸಿಂಕ್ರೋಮೆಶ್ ಇಲ್ಲ, ಡಬಲ್ ಕ್ಲಚ್ ಹೊಡೀಬೇಕು (ಒಂದು ಗೇರ್ ಬದಲಿಸೋಕೆ ಎರಡು ಸಲ ಕ್ಲಚ್ ಒತ್ತೋದು), ಸ್ಪೀಡ್ ಜಾಸ್ತಿ ಇದ್ರೆ ಹಲ್ಲು ಕಟಕಟ ಅನ್ನತ್ತೆ ಹೊರತು ಕೂರಲ್ಲ. ತುದಿಯ ಹತ್ರ ಎರಡು ವ್ಯೂ ಪಾಯಿಂಟ್ ಇವೆ, ಪೆಮಿಜವಾಸೆಟ್ ಅಂತ ಒಂದು, ಗ್ರಹಾಂ ಅಂತ ಒಂದು, ಅಲ್ಲಿ ನಿಂತು ಎಲ್ಲಾ ಕಾರೂ ಒಟ್ಟಾದ ಮೇಲೆನೇ ಇಳಿಯೋಕೆ ಶುರು ಮಾಡಿ. ಬಿದ್ದ ಎಲೆ ಒದ್ದೆಯಾಗಿದ್ರೆ ರಸ್ತೆ ಜಾರತ್ತೆ, ಹಳೇ ಕಾರಿನ ಸಣ್ಣ ಟೈರಿಗೆ ಅದು ಇನ್ನೂ ಜಾಸ್ತಿ.

ಹೊರಡೋ ಹೊತ್ತು ಬೆಳಗ್ಗೆ ಹತ್ತರ ಮೇಲೆ ಇಟ್ಕೊಳ್ಳಿ. ಪೂರ್ವಕ್ಕೆ ಹೋಗ್ತಿರೋದ್ರಿಂದ ಬೆಳಗಿನ ಬಿಸಿಲು ನೇರ ಕಣ್ಣಿಗೆ ಹೊಡಿಯತ್ತೆ, ಮಧ್ಯಾಹ್ನ ಆದ್ಮೇಲೆ ಸೂರ್ಯ ಬೆನ್ನ ಹಿಂದೆ, ಮುಂದಿನ ಬೆಟ್ಟಕ್ಕೆಲ್ಲಾ ಬೆಳಕು ಬಿದ್ದು ಮೇಪಲ್ ಕೆಂಪು ಎಷ್ಟು ಚೆನ್ನಾಗಿ ಕಾಣತ್ತೆ ಅಂದ್ರೆ ಮಾತೇ ಬರಲ್ಲ. ಹಾಗಂತ ಲೇಟ್ ಮಾಡ್ಬೇಡಿ, ಅಕ್ಟೋಬರ್ ಮಧ್ಯದಲ್ಲಿ ಸಂಜೆ ಆರಕ್ಕೆಲ್ಲಾ ಸೂರ್ಯ ಮುಳುಗಿರತ್ತೆ, ಮಾಡೆಲ್ ಎ ಕಾರಿನ 6 ವೋಲ್ಟ್ ಲೈಟಲ್ಲಿ ಕಾಡಿನ ರಸ್ತೆ ಕಾಣಲ್ಲ, ಜೊತೆಗೆ ಅಲ್ಲಿ ಮೂಸ್ (ಜಿಂಕೆ ಜಾತಿಯ ದೊಡ್ಡ ಪ್ರಾಣಿ) ರಸ್ತೆಗೆ ಬರತ್ತೆ, ದಾರಿಯುದ್ದಕ್ಕೂ ಬೋರ್ಡ್ ಹಾಕಿದ್ದಾರೆ. ಐದರೊಳಗೆ ಕಾನ್ವೇ ಮುಟ್ಟಬೇಕು ಅಂತಲೇ ಲೆಕ್ಕ ಹಾಕಿ.

ಗ್ಯಾಸ್, ಅಂದ್ರೆ ಪೆಟ್ರೋಲ್, ಲಿಂಕನ್‌ನಲ್ಲೇ ತುಂಬಿಸಿ, ಆ 34 ಮೈಲಿಯಲ್ಲಿ ಒಂದೂ ಬಂಕ್ ಇಲ್ಲ, ಅಂಗಡಿ ಇಲ್ಲ, ಫೋನ್ ಸಿಗ್ನಲ್ಲೂ ನಂಬೋ ಹಾಗಿಲ್ಲ. ಅದಕ್ಕೇ ಮ್ಯಾಪ್ ಡೌನ್‌ಲೋಡ್ ಮಾಡ್ಕೊಳ್ಳಿ, ನಿಲ್ಲೋ ಜಾಗಗಳ ಪಟ್ಟಿ ಪೇಪರ್ ಮೇಲೆ ಪ್ರಿಂಟ್ ಹಾಕಿ ಪ್ರತಿ ಕಾರಿಗೂ ಕೊಡಿ, ಎರಡು ಮೂರು ವಾಕಿಟಾಕಿ ಇದ್ರಂತೂ ದೊಡ್ಡ ಅನುಕೂಲ. ಊಟ ನಾವು ಕಟ್ಕೊಂಡೇ ಹೋಗಿದ್ವಿ, ಚಿತ್ರಾನ್ನ, ಚಪಾತಿ ಪಲ್ಯ, ಮೊಸರನ್ನ. ಶುಗರ್ ಹಿಲ್ ವ್ಯೂ ಪಾಯಿಂಟಲ್ಲಿ ಡಬ್ಬಿ ಬಿಚ್ಚಿದಾಗ ಆ ಗುಂಪಿನ ಅಜ್ಜಂದಿರೆಲ್ಲಾ ಚಿತ್ರಾನ್ನ ಕೇಳಿ ಹಾಕಿಸ್ಕೊಂಡು ತಿಂದ್ರು, ಸ್ವಲ್ಪ ಜಾಸ್ತಿನೇ ಮಾಡ್ಕೊಂಡು ಹೋಗಿ. ಕೆಲವು ಜಾಗದಲ್ಲಿ ಪಾರ್ಕಿಂಗ್‌ಗೆ ಕವರಲ್ಲಿ ದುಡ್ಡು ಹಾಕಿ ಡಬ್ಬಕ್ಕೆ ಹಾಕೋ ಪದ್ಧತಿ, ಚಿಲ್ಲರೆ ನೋಟು ಇಟ್ಕೊಳ್ಳಿ.

ಕಾರುಗಳ ಸಾಲು ಹೇಗಿರ್ಬೇಕು ಅನ್ನೋದು ಮುಖ್ಯ. ನಿಧಾನದ ಕಾರು ಮುಂದೆ, ಜೋರಾಗಿ ಹೋಗೋವು ಹಿಂದೆ, ಎಲ್ಲರಿಗಿಂತ ಕೊನೇಲಿ ಒಂದು ಈಗಿನ ಕಾಲದ ಟ್ರಕ್ಕು, ಅದ್ರಲ್ಲಿ ಟೂಲ್ಸು, ಫ್ಯಾನ್ ಬೆಲ್ಟು, ನೀರು, ಫೈರ್ ಎಕ್ಸ್‌ಟಿಂಗ್ವಿಷರ್. ಎಲ್ಲಾ ಒಂದರ ಬಾಲ ಒಂದು ಹಿಡಿದು ಹೋದ್ರೆ ನೋಡೋಕೆ ಚೆಂದ, ಆದ್ರೆ ಹಿಂದಿನ ಟ್ರಾಫಿಕ್ಕಿಗೆ ಓವರ್‌ಟೇಕ್ ಮಾಡೋಕೆ ಜಾಗ ಇರಲ್ಲ, ಮಧ್ಯೆ ಎರಡು ಕಾರು ನುಗ್ಗೋವಷ್ಟು ಗ್ಯಾಪ್ ಬಿಡಿ, ಹಿಂದೆ ಸಾಲು ಬೆಳೆದ್ರೆ ಪಕ್ಕಕ್ಕೆ ಹಾಕಿ ಬಿಟ್ಟುಬಿಡಿ. ಮಾಡೆಲ್ ಎಗೆ ಇಂಡಿಕೇಟರ್ ಇಲ್ಲ, ಡ್ರೈವರ್ ಎಡಗೈ ಹೊರಗೆ ಹಾಕಿ ತೋರಿಸ್ತಾರೆ: ಕೈ ನೇರ ಚಾಚಿದ್ರೆ ಎಡಕ್ಕೆ, ಮೊಣಕೈಯಿಂದ ಮೇಲಕ್ಕೆ ಎತ್ತಿದ್ರೆ ಬಲಕ್ಕೆ, ಕೆಳಕ್ಕೆ ಬಿಟ್ರೆ ನಿಲ್ತೀನಿ ಅಂತ. ಹಿಂದಿನ ಕಾರಿನೋರು ಇದನ್ನ ಕಲ್ತಿರ್ಲೇಬೇಕು.

ನಾನು ಕೂತಿದ್ದು ಮುಂದಿನ ಸೀಟಲ್ಲಿ, ಸ್ಟಾರ್ಟ್ ಮಾಡೋದನ್ನ ಹತ್ರದಿಂದ ನೋಡೋ ಭಾಗ್ಯ. ಮೊದಲು ಡ್ಯಾಶ್ ಕೆಳಗಿರೋ ಪೆಟ್ರೋಲ್ ವಾಲ್ವ್ ತಿರುಗಿಸ್ಬೇಕು, ಯಾಕಂದ್ರೆ ಟ್ಯಾಂಕ್ ಇರೋದೇ ಗಾಜಿನ ಮುಂದೆ, ನಮ್ಮ ಮಂಡಿ ಮೇಲ್ಗಡೆ, ಪಂಪ್ ಇಲ್ದೆ ತಾನಾಗೇ ಕೆಳಗೆ ಹರಿಯತ್ತೆ. ಆಮೇಲೆ ಸ್ಟಿಯರಿಂಗ್ ಎಡಗಡೆ ಕಿಡಿ ಬೀಳೋ ಸಮಯ ಹೊಂದಿಸೋ ಸ್ಪಾರ್ಕ್ ಲಿವರ್ ಪೂರ್ತಿ ಮೇಲಕ್ಕೆ, ಬಲಗಡೆ ಆಕ್ಸಿಲರೇಟರ್ ಥರ ಕೆಲಸ ಮಾಡೋ ಥ್ರಾಟಲ್ ಲಿವರ್ ಒಂಚೂರು ಕೆಳಕ್ಕೆ, ಕೀ ಆನ್, ಚೋಕ್ ಕಂಬಿ ಎಳ್ಕೊಂಡು ಕಾಲಲ್ಲಿ ಸ್ಟಾರ್ಟರ್ ಒತ್ತಬೇಕು. ಇಂಜಿನ್ ಹಿಡ್ಕೊಂಡ ತಕ್ಷಣ ಚೋಕ್ ಬಿಟ್ಟು ಸ್ಪಾರ್ಕ್ ಕೆಳಗೆ ಇಳಿಸ್ಬೇಕು, ಆಗ ಟಕಟಕ ಅಂತಿದ್ದ ಇಂಜಿನ್ನು ಒಂದೇ ಸಮನೆ ಓಡತ್ತೆ. ಚೋಕ್ ಎಳೆಯೋ ಕೆಲಸ ನಂಗೇ ಕೊಟ್ರು, ತುಂಬಾ ಖುಷಿ ಆಯ್ತು. ನಿಲ್ಲಿಸಿದಾಗೆಲ್ಲಾ ಆ ವಾಲ್ವ್ ಮುಚ್ಚೋದು ಮರೀಬಾರ್ದು, ಇಲ್ದಿದ್ರೆ ಕಾರ್ಬುರೇಟರ್ ತುಂಬಿ ಪೆಟ್ರೋಲ್ ಸೋರಬಹುದು.

ಘಾಟಿ ಹತ್ತಿ ನಿಂತಾಗ ಗುಂಪಿನ 50ರ ದಶಕದ ಒಂದು ಕಾರು ಮತ್ತೆ ಸ್ಟಾರ್ಟೇ ಆಗ್ಲಿಲ್ಲ. ವೇಪರ್ ಲಾಕ್ ಅಂದ್ರು. ಈಗಿನ ಗ್ಯಾಸಲ್ಲಿ ಸಾಮಾನ್ಯವಾಗಿ 10 ಪರ್ಸೆಂಟ್ ಎಥನಾಲ್ ಇರತ್ತೆ, ಹಳೇ ಕಾರಿನ ಪೈಪು ಪಂಪು ಎಲ್ಲಾ ಬಿಸಿ ಇಂಜಿನ್ ಪಕ್ಕದಲ್ಲೇ ಇರೋದ್ರಿಂದ ಪೆಟ್ರೋಲ್ ಪೈಪಲ್ಲೇ ಆವಿಯಾಗಿ ಪಂಪಿಗೆ ಎಳೆಯೋಕೆ ಆಗಲ್ಲ. ಬಾನೆಟ್ ಎತ್ತಿ, ಪೈಪಿಗೆ ಒದ್ದೆ ಬಟ್ಟೆ ಸುತ್ತಿ ಕಾದ್ರು, ತಣ್ಣಗಾದ ಮೇಲೆ ಹೊರಡ್ತು. ಪಂಪೇ ಇಲ್ದಿರೋ ಮಾಡೆಲ್ ಎಗೆ ಮಾತ್ರ ಈ ತೊಂದ್ರೆ ಬರ್ಲೇ ಇಲ್ಲ. ಎಥನಾಲ್ ಇಲ್ದಿರೋ ಗ್ಯಾಸ್ ಸಿಕ್ರೆ ಅದನ್ನೇ ಹಾಕಿಸಿ, ಜೊತೆಗೆ ಒಂದು ಬಾಟಲ್ ನೀರು, ಹಳೇ ಟವೆಲ್ ಇಟ್ಕೊಳ್ಳಿ. ಇನ್ನೊಂದು, ಬ್ಯಾಟರಿ ಡೌನ್ ಆದ್ರೆ ನಮ್ಮ ಈಗಿನ ಕಾರಿಂದ ಜಂಪ್ ಕೊಡೋಣ ಅಂತ ಕೇಬಲ್ ಹಿಡ್ಕೊಂಡು ಓಡ್ಬೇಡಿ, ಮಾಡೆಲ್ ಎ 6 ವೋಲ್ಟು, ಅದೂ ಪಾಸಿಟಿವ್ ಕಡೆ ಬಾಡಿಗೆ ಅರ್ಥ್ ಆಗಿರತ್ತೆ, ಓನರ್‌ನ ಕೇಳ್ದೆ ಏನೂ ಮುಟ್ಬೇಡಿ.

ಫ್ಯಾಮಿಲಿ ಜೊತೆ ಹೋಗೋರಿಗೆ: ಮಾಡೆಲ್ ಎನಲ್ಲಿ ಸೀಟ್‌ಬೆಲ್ಟ್ ಇರ್ಲಿಲ್ಲ, ಮಕ್ಕಳ ಕಾರ್ ಸೀಟ್ ಕಟ್ಟೋಕೆ ಆಗಲ್ಲ, ಹಾಗಾಗಿ ಚಿಕ್ಕ ಮಕ್ಕಳು ಹಿಂದೆ ನಮ್ಮ ಮಾಮೂಲಿ ಕಾರಲ್ಲೇ ಬರ್ಲಿ, ನಿಂತ ಕಡೆ ಹಳೇ ಕಾರಲ್ಲಿ ಕೂರ್ಸಿ ಫೋಟೋ ತೆಗೀರಿ, ಸಾಕು. ಊರಿಂದ ಬಂದಿರೋ ಅಪ್ಪ ಅಮ್ಮನ್ನ ಕರ್ಕೊಂಡು ಹೋದ್ರೆ ಮುಂದಿನ ಸೀಟ್ ಕೊಡ್ಸಿ. ಕೆಲವು ಕಾರಿಗೆ ಹಿಂದೆ ಡಿಕ್ಕಿ ತೆಗೆದ್ರೆ ಅದೇ ಸೀಟಾಗೋ ರಂಬಲ್ ಸೀಟ್ ಇರತ್ತೆ, ಮಡ್‌ಗಾರ್ಡ್ ಮೇಲೆ ಕಾಲಿಟ್ಟು ಹತ್ತಬೇಕು, ಸೀರೆ ಉಟ್ಕೊಂಡೋರಿಗೆ ಅದು ಬೇಡ. ಬೆಳಗ್ಗೆ ಚಳಿ ಜೋರಿರತ್ತೆ, ಬಾಗಿಲ ಸಂದಿಯಿಂದ ಗಾಳಿ ನುಗ್ಗತ್ತೆ, ಟೋಪಿ, ಶಾಲು, ಮಂಡಿ ಮೇಲೆ ಹೊದ್ಕೊಳ್ಳೋಕೆ ಒಂದು ರಗ್ಗು. ಹತ್ತೋಕೆ ಮುಂಚೆ ಜಾಕೆಟ್ ಜಿಪ್ಪು, ಬೆಲ್ಟ್ ಬಕಲ್ ಪೇಂಟಿಗೆ ತಾಗದ ಹಾಗೆ ನೋಡ್ಕೊಳ್ಳಿ, ಅವರು ವರ್ಷಗಟ್ಟಲೆ ಕೂತು ರೆಡಿ ಮಾಡಿರ್ತಾರೆ.

ಇಳೀತಾ ಸ್ಯಾಬಡೇ ಫಾಲ್ಸ್‌ಗೆ ಖಂಡಿತ ನಿಲ್ಲಿಸಿ, ನಡಿಯೋದು ಸ್ವಲ್ಪನೇ. ರಾಕಿ ಗಾರ್ಜ್ ಕೂಡ ಚೆನ್ನಾಗಿದೆ. ಆಲ್ಬನಿ ಕವರ್ಡ್ ಬ್ರಿಡ್ಜ್ 1858ರದ್ದು, ಮೇಲೆ ಚಾವಣಿ ಇರೋ ಆ ಮರದ ಸೇತುವೆ ಮುಂದೆ ಮಾಡೆಲ್ ಎ ನಿಲ್ಲಿಸಿ ಫೋಟೋ ತೆಗೆಯೋಕೆ ಅದಕ್ಕಿಂತ ಒಳ್ಳೆ ಜಾಗ ಆ ರೋಡಲ್ಲಿ ಇಲ್ಲ, ಕಾರು ಒಳಗೆ ಬಿಡೋ ಮುಂಚೆ ಎತ್ತರ, ತೂಕದ ಬೋರ್ಡ್ ಓದಿ.

ಅಕ್ಟೋಬರ್ ಎರಡನೇ ಸೋಮವಾರದ ಲಾಂಗ್ ವೀಕೆಂಡ್ ದಯವಿಟ್ಟು ಬಿಟ್ಬಿಡಿ, ಆ ದಿನ ಟ್ರಾಫಿಕ್ ಆಮೆ ಥರ ಹೋಗತ್ತೆ, ಹಳೇ ಇಂಜಿನ್ನು ನಿಂತು ನಿಂತು ಬಿಸಿಯಾಗತ್ತೆ. ಅದರ ಹಿಂದಿನ ಅಥವಾ ಮುಂದಿನ ವಾರದ ಮಂಗಳವಾರ, ಬುಧವಾರ ನೋಡಿ, ಬಣ್ಣ ಮೇಲಿನ ಬೆಟ್ಟಕ್ಕೆ ಮೊದಲು ಬಂದು ಕಾನ್ವೇ ಕಡೆಗೆ ಆಮೇಲೆ ಇಳಿಯೋದ್ರಿಂದ ಒಂದಲ್ಲ ಒಂದು ಕಡೆ ಸಿಕ್ಕೇ ಸಿಗತ್ತೆ. ಕಾರುಗಳನ್ನ ಬಾಸ್ಟನ್‌ನಿಂದ ಇಂಟರ್‌ಸ್ಟೇಟಲ್ಲಿ ಓಡಿಸ್ಕೊಂಡು ಹೋಗೋ ಯೋಚನೆ ಬೇಡ, ಲಿಂಕನ್‌ವರೆಗೆ ಟ್ರೇಲರ್ ಮೇಲೆ ಒಯ್ಯಿರಿ, ಯಾರಾದ್ರೂ ಆ ಟ್ರೇಲರ್‌ನ ಕಾನ್ವೇಗೆ ತಂದಿಡೋ ಏರ್ಪಾಡು ಮೊದಲೇ ಮಾಡ್ಕೊಳ್ಳಿ. ಲಾಡ್ಜ್ ಬುಕ್ ಮಾಡೋದು ಬೇಸಿಗೆಯಲ್ಲೇ, ಟ್ರೇಲರ್ ತಿರುಗಿಸೋವಷ್ಟು ಪಾರ್ಕಿಂಗ್ ಇದೆಯಾ ಅಂತ ಫೋನ್ ಮಾಡಿ ಕೇಳಿ.