ವಿದುರಾಶ್ವತ್ಥದ ಕಲ್ಲುಗಳ ನಡುವೆ

ನಾನು ಹೊರಟಿದ್ದು ಡಾ. ಎಚ್. ನರಸಿಂಹಯ್ಯನವರ ಹುಟ್ಟೂರು ನೋಡಲು. ಗೌರಿಬಿದನೂರು ತಾಲ್ಲೂಕಿನ ಹೊಸೂರು. ಬರೀ ಹೊಸೂರು ಎಂದು ಹುಡುಕಿದರೆ ಮೊಬೈಲ್ ನಕ್ಷೆ ತಮಿಳುನಾಡಿಗೆ ದಾರಿ ತೋರಿಸುತ್ತದೆ, ತಾಲ್ಲೂಕಿನ ಹೆಸರನ್ನೂ ಸೇರಿಸಬೇಕು. ದೇವರಿಲ್ಲ ಎಂದು ನನಗೆ ಖಚಿತವಾದ ವಯಸ್ಸಿನಲ್ಲಿ, ಹಾಗೆಂದುಕೊಳ್ಳಲು ಹೆದರಬೇಕಾಗಿಲ್ಲ ಎಂಬ ಧೈರ್ಯ ಕೊಟ್ಟವರು ಅವರು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿ, ಸತ್ಯಸಾಯಿಬಾಬಾ ಅವರಿಗೆ ಪತ್ರಗಳನ್ನು ಬರೆದು, ಪರೀಕ್ಷೆಗೆ ಒಪ್ಪಿಕೊಳ್ಳಿ ಎಂದು ಕರೆದವರು. ಬಾಬಾ ಒಪ್ಪಲಿಲ್ಲ.

ರೈಲು ದೊಡ್ಡಬಳ್ಳಾಪುರ ದಾಟಿ ಮಾಕಳಿದುರ್ಗದ ಬಂಡೆಗಳ ನಡುವೆ ನುಗ್ಗುವಾಗ ಕಿಟಕಿ ಬಿಟ್ಟು ಏಳಬೇಡಿ. ಈ ಸೀಮೆಯ ಚೆಲುವು ಗೊತ್ತಾಗುವುದು ಅಲ್ಲೇ. ನಂದಿಬೆಟ್ಟದ ನೂಕುನುಗ್ಗಲಿಗಿಂತ ನನಗೆ ಇದೇ ಹೆಚ್ಚು ಇಷ್ಟ. ಹೊಸೂರಿನಲ್ಲಿ ಬೆಳಗ್ಗೆಯೆಲ್ಲ ಸುತ್ತಾಡಿದೆ. ಓದಲೇಬೇಕೆಂಬ ಹಟಕ್ಕೆ, ಕೈಯಲ್ಲಿ ಕಾಸಿಲ್ಲದೆ, ಎರಡು ದಿನ ನಡೆದೇ ಬೆಂಗಳೂರು ಸೇರಿದ ಹುಡುಗನ ಊರು ಇದು ಎಂಬುದೇ ನನಗೆ ಸಾಕಾಗಿತ್ತು.

ವಿದುರಾಶ್ವತ್ಥಕ್ಕೆ ಹೋದದ್ದು ಹುತಾತ್ಮರ ಸ್ಮಾರಕಕ್ಕಾಗಿ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಇಲ್ಲಿ ಗುಂಡು ಹಾರಿಸಿದರು. ಆಗ ನರಸಿಂಹಯ್ಯನವರಿಗೆ ಹದಿನೇಳು. ಗೌರಿಬಿದನೂರಿನಿಂದ ಬರುವವರು ಆಟೊದವರೊಂದಿಗೆ ಹಿಂದಿರುಗುವ ಬಾಡಿಗೆಯನ್ನೂ ಹತ್ತುವ ಮೊದಲೇ ಮಾತಾಡಿಕೊಳ್ಳಿ. ನನ್ನನ್ನು ಕರೆತಂದವನು ದೇವಸ್ಥಾನದ ಮುಂದೆ ನಿಲ್ಲಿಸಿ, ಭಾನುವಾರ, ಪೂಜೆಯ ದಿನ ಎಂದು ಹೇಳಿದ್ದಕ್ಕಿಂತ ದುಪ್ಪಟ್ಟು ವಸೂಲಿ ಮಾಡಿದ. ಪೂಜೆಗೂ ಬಾಡಿಗೆಗೂ ಏನು ಸಂಬಂಧ? ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಸ್ಮಾರಕ ನೋಡಿ ಹೊರಬಂದಾಗ ಮಧ್ಯಾಹ್ನ. ವಿದುರ ನೆಟ್ಟದ್ದೆಂದು ಜನ ನಂಬಿದ್ದ ಅಶ್ವತ್ಥ 2001ರಲ್ಲಿ ಬಿದ್ದುಹೋಯಿತು. ಆದರೆ ನಾಗರಕಲ್ಲುಗಳು ಉಳಿದಿವೆ, ಸಾಲುಸಾಲಾಗಿ, ಒಂದಕ್ಕೊಂದು ಒರಗಿಕೊಂಡು. ಮಕ್ಕಳಾಗಲೆಂದು, ಸರ್ಪದೋಷ ಕಳೆಯಲೆಂದು ಜನ ಇಡಿಸಿದವು. ಅವುಗಳ ನಡುವೆ ಐವತ್ತು ದಾಟಿದ ಹೆಂಗಸೊಬ್ಬರು ಕುಳಿತು ಒಂದು ಕಲ್ಲನ್ನು ತೆಂಗಿನ ನಾರಿನಿಂದ ತಿಕ್ಕುತ್ತಿದ್ದರು. ಹೆಣೆದುಕೊಂಡ ಎರಡು ಹಾವುಗಳ ಸಂದಿಯಲ್ಲಿ ಗಟ್ಟಿಯಾಗಿದ್ದ ಹಳೆಯ ಅರಿಶಿನವನ್ನು ಹೆಬ್ಬೆರಳಿನ ಉಗುರಿನಿಂದ ಕೆರೆದು ತೆಗೆದು, ಚೊಂಬಿನಿಂದ ನೀರು ಹಾಕಿ, ಮತ್ತೆ ತಿಕ್ಕುತ್ತಿದ್ದರು.

"ಇದು ನೀವು ಇಡಿಸಿದ ಕಲ್ಲೇ ಅಮ್ಮ?"

"ಹೌದು ತಾಯಿ. ಮದುವೆಯಾಗಿ ಏಳು ವರ್ಷಕ್ಕೆ ಇಡಿಸಿದ್ದು."

"ಮಕ್ಕಳು ಎಷ್ಟು ಜನ?"

"ಆಗಲಿಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಿದ್ದರೂ ಏಕೆ ಬರುತ್ತೀರಿ ಎಂದು ಕೇಳಿದೆ. ಅವರು ಕೈ ನಿಲ್ಲಿಸದೆಯೇ ಹೇಳಿದರು.

"ಇದನ್ನು ಇಡಿಸುವವರೆಗೆ ಎಲ್ಲರೂ ನನ್ನನ್ನೇ ಅನ್ನುತ್ತಿದ್ದರು. ಅತ್ತೆ, ಓರಗಿತ್ತಿ, ಊರಿನವರು. ಸೀಮಂತಕ್ಕೆ ಕರೆಯುತ್ತಿರಲಿಲ್ಲ. ಇಡಿಸಿದ ಮೇಲೆ, ಅವಳು ಮಾಡುವುದನ್ನು ಮಾಡಿದ್ದಾಳೆ, ಕೊಡದಿದ್ದರೆ ನಾಗಪ್ಪನ ಇಷ್ಟ ಎಂದು ಸುಮ್ಮನಾದರು. ನನ್ನ ಮೇಲಿದ್ದ ಮಾತನ್ನೆಲ್ಲ ಈತ ಹೊತ್ತುಕೊಂಡ. ವರ್ಷಕ್ಕೊಮ್ಮೆ ಬಂದು ಮೈ ತೊಳೆಯದಿದ್ದರೆ ಹೇಗೆ?"

"ನಿಮ್ಮ ಯಜಮಾನರನ್ನು ಡಾಕ್ಟರಿಗೆ ತೋರಿಸಿದ್ದಿರಾ?"

"ನನ್ನನ್ನು ತೋರಿಸಿದರು. ಏನೂ ತೊಂದರೆಯಿಲ್ಲ ಎಂದರು. ಗಂಡಸರನ್ನು ಯಾರು ಕೇಳುತ್ತಾರೆ?"

ಹಾಲೆರೆದು ಮುಗಿಸಿದ ಮೇಲೆ ನನ್ನತ್ತ ತಿರುಗಿದರು. "ನೀವು ಕೈ ಮುಗಿಯಲಿಲ್ಲವಲ್ಲ."

"ನಾನು ದೇವರನ್ನು ನಂಬುವುದಿಲ್ಲ ಅಮ್ಮ."

ಅವರಿಗೆ ಆಶ್ಚರ್ಯವಾಗಲಿಲ್ಲ, ಬೇಸರವೂ ಆಗಲಿಲ್ಲ. "ಕಷ್ಟ ಬಂದರೆ ಯಾರಿಗೆ ಹೇಳಿಕೊಳ್ಳುತ್ತೀರಿ?"

"ಗಂಡನಿಗೆ. ಅಕ್ಕನಿಗೆ. ಗೆಳತಿಯರಿದ್ದಾರೆ."

"ಅವರು ಕೇಳುತ್ತಾರೆಯೇ?"

"ಕೇಳುತ್ತಾರೆ."

"ಹಾಗಿದ್ದರೆ ನಿಮಗೆ ಬೇಕಾಗಿಲ್ಲ ಬಿಡಿ."

ದೇವರಿದ್ದಾನೆಯೇ ಎಂಬ ಬಗ್ಗೆ ನಾನು ಎಷ್ಟೋ ವಾದಗಳಲ್ಲಿ ಕುಳಿತಿದ್ದೇನೆ. ಜಗತ್ತನ್ನು ಸೃಷ್ಟಿಸಿದವರು ಯಾರು ಎಂಬಲ್ಲಿಂದ ಅವು ಶುರುವಾಗುತ್ತವೆ. ಈ ತಾಯಿಗೆ ಆ ಪ್ರಶ್ನೆಯೇ ಇರಲಿಲ್ಲ. ಅವರ ಮಾತು ಕೇಳಿ ನನಗೆ ಭಕ್ತಿ ಹುಟ್ಟಲಿಲ್ಲ, ಸಂಕಟವಾಯಿತು, ಕೋಪವೂ ಬಂತು. ಬಸಿರಾಗದ ಹೆಣ್ಣಿಗೆ ಸರ್ಪದೋಷವೆಂದು ಹೆಸರಿಟ್ಟದ್ದೂ ಅದೇ ನಂಬಿಕೆ, ಕಲ್ಲಿಡಿಸಿದ ಮೇಲೆ ಅವಳನ್ನು ಆ ಮಾತುಗಳಿಂದ ಬಿಡಿಸಿದ್ದೂ ಅದೇ ನಂಬಿಕೆ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಇರುತ್ತದೆ. ಅದನ್ನು ತಿಳಿಯಲು ವೀರ್ಯ ಪರೀಕ್ಷೆಯೆಂಬ ಸರಳ ದಾರಿಯಿದೆ. ಆ ಮನೆಯಲ್ಲಿ ಒಬ್ಬರಾದರೂ ಅದನ್ನು ಕೇಳಿದ್ದರೆ ಈ ಕಲ್ಲಿನ ಅಗತ್ಯವೇ ಬೀಳುತ್ತಿರಲಿಲ್ಲ. ಹಾಗೆಯೇ ಇನ್ನೊಂದು ಮಾತನ್ನೂ ನಾವು ನಾಸ್ತಿಕರು ಒಪ್ಪಿಕೊಳ್ಳಬೇಕು. ಪವಾಡ ಬಯಲು ಮಾಡುವುದರಲ್ಲಿ ತೋರಿದ ಶ್ರದ್ಧೆಯನ್ನು ಇಂಥವರ ಅಹವಾಲು ಕೇಳುವುದರಲ್ಲಿ ನಾವು ತೋರಿಲ್ಲ.

ಅಷ್ಟರಲ್ಲಿ ಹೊಸ ಕಲ್ಲೊಂದನ್ನು ಇಡಿಸಲು ಎಳೆಯ ದಂಪತಿ ಬಂದರು. ಜೊತೆಗೆ ಹುಡುಗನ ತಾಯಿ. ಹುಡುಗಿಯ ಕೈಯಲ್ಲಿ ಅರಿಶಿನದ ತಟ್ಟೆ. ಆಕೆ ತಲೆ ಎತ್ತುತ್ತಿರಲಿಲ್ಲ. ನನ್ನ ಪಕ್ಕದಲ್ಲಿದ್ದ ಹೆಂಗಸು ಸೆರಗಿಗೆ ಕೈ ಒರೆಸಿಕೊಂಡು ಎದ್ದು ನೇರವಾಗಿ ಅವಳ ಬಳಿ ಹೋದರು.

"ಕಲ್ಲು ಇಡಿಸು ತಾಯಿ, ಬೇಡ ಎನ್ನುವುದಿಲ್ಲ. ಆದರೆ ಊರಿಗೆ ಹೋದ ಮೇಲೆ ನಿನ್ನ ಗಂಡನನ್ನೂ ಡಾಕ್ಟರಿಗೆ ತೋರಿಸು."

ಅತ್ತೆ ಮುಖ ಗಂಟಿಕ್ಕಿದಳು. ಹುಡುಗ ಕೆಂಪಾದ. ಪೂಜೆ ಮುಗಿದ ಮೇಲೆ, ತಾಯಿ ಪ್ರಸಾದಕ್ಕೆ ನಿಂತಿದ್ದಾಗ, ನನ್ನ ಹತ್ತಿರ ಬಂದು, ಆ ಪರೀಕ್ಷೆ ಗೌರಿಬಿದನೂರಿನಲ್ಲೇ ಆಗುತ್ತದೆಯೇ ಮೇಡಂ ಎಂದು ಕೇಳಿದ. ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ, ಇಬ್ಬರೂ ಒಟ್ಟಿಗೇ ಹೋಗಿ ಎಂದೆ. ಸೋಮವಾರವೇ ಹೋಗುತ್ತೇವೆ ಎಂದ.